ಟವೆಲ್ಲಿನ ಕೆಳಗೆ ಕಾಂಗೋ

ಭಾರತದ ವಿದೇಶಾಂಗ ನೀತಿಯನ್ನು ನಮ್ಮ ಮನೆಯಲ್ಲಿ ಭಾನುವಾರ ಸಂಜೆ, ಮಂಡಕ್ಕಿ ಉಸಳಿಯ ನಂತರ ಮತ್ತು ಊಟಕ್ಕೆ ಮೊದಲು, ನಿರ್ಧರಿಸಲಾಗುತ್ತಿತ್ತು. ದಿಲ್ಲಿಯವರಿಗೆ ಇದು ತಿಳಿದಿರಲಿಲ್ಲವಾದ್ದರಿಂದ ಅವರು ಕೆಲವೊಮ್ಮೆ ನಮ್ಮ ತೀರ್ಮಾನಕ್ಕೆ ವಿರುದ್ಧವಾಗಿ ನಡೆದುಕೊಂಡದ್ದೂ ಉಂಟು. ಶಿವಮೊಗ್ಗದ ಅಡಿಕೆ ಮಂಡಿಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದೆ ಜಗಲಿ, ಅದನ್ನು ದಾಟಿದರೆ ಪಡಸಾಲೆ, ಒಂದು ಪಕ್ಕಕ್ಕೆ ದೇವರ ಕೋಣೆ, ಇನ್ನೊಂದು ಪಕ್ಕಕ್ಕೆ ಅಜ್ಜಿಯ ಕೋಣೆ, ಕೊನೆಗೆ ಹೊಗೆ ಕುಡಿದು ಕಪ್ಪಾದ ಅಡುಗೆಮನೆ. ಹಿತ್ತಿಲಲ್ಲಿ ಬಾವಿ, ಬಾವಿಯ ಆಚೆ ಒಂದು ಹೆಂಚಿನ ಕೋಣೆ. ಅದರಲ್ಲಿ ಜುಲೇಖಮ್ಮ ಬಾಡಿಗೆಗಿದ್ದಳು. ಪಡಸಾಲೆಯ ಮೂಲೆಯಲ್ಲಿ ರೇಡಿಯೋ ಇತ್ತು. ಅದಕ್ಕೆ ಅಮ್ಮ ಕಸೂತಿ ಹಾಕಿದ ಮುಸುಕು. ಮುಸುಕು ತೆಗೆಯುವ ಅಧಿಕಾರ ಅಪ್ಪಾಜಿಗೆ ಮಾತ್ರ. ಈ ಮನೆಯ ಬಗ್ಗೆ ಬರೆಯಲು ಕೂತಾಗಲೆಲ್ಲ ನನಗೆ ಬೇರೆ ಯಾವುದೋ ತುರ್ತು ಕೆಲಸ ನೆನಪಾಗುತ್ತದೆ. ಇವತ್ತು ಎಲ್ಲ ಕೆಲಸವೂ ಮುಗಿದುಬಿಟ್ಟಿದೆ, ಏನು ಮಾಡುವುದು.

ಅಪ್ಪಾಜಿ ಅಡಿಕೆ ದಲಾಲರು, ಜೊತೆಗೆ ಮುನಿಸಿಪಾಲಿಟಿಯ ಮೆಂಬರು. ಮೊದಲನೆಯದರಿಂದ ಮನೆ ನಡೆಯುತ್ತಿತ್ತು, ಎರಡನೆಯದರಿಂದ ಭಾಷಣ. ಆ ಕಾಲದ ಮಂಡಿಯಲ್ಲಿ ದರವೆನ್ನುವುದು ಬಾಯಲ್ಲಿ ಆಡುವ ವಸ್ತುವಾಗಿರಲಿಲ್ಲ. ಕೊಳ್ಳುವವನೂ ದಲಾಲನೂ ಎದುರುಬದುರು ಕೂತು, ಕೈಗಳ ಮೇಲೆ ಟವೆಲ್ ಹಾಸಿಕೊಂಡು, ಕೆಳಗೆ ಬೆರಳು ಒತ್ತಿ ದರ ಹೇಳುತ್ತಿದ್ದರು. ಮೇಲೆ ಬಾಯಿ ಗಾಜನೂರಿನ ಹೊಸ ಅಣೆಕಟ್ಟಿನ ನೀರಿನ ಬಗ್ಗೆಯೋ ಬೀಗರ ಮನೆಯ ಹೋಳಿಗೆಯ ಬಗ್ಗೆಯೋ ಮಾತಾಡುತ್ತಿರುತ್ತಿತ್ತು. ಕೆಳಗೆ ವ್ಯಾಪಾರ ಮುಗಿದುಹೋಗಿರುತ್ತಿತ್ತು. ಟವೆಲ್ಲಿನ ಒಳಗಿನ ಮಾತು ಟವೆಲ್ಲಿನ ಒಳಗೇ ಸಾಯಬೇಕು, ಅದು ಮಂಡಿಯ ಧರ್ಮ. ಈ ಪದ್ಧತಿಯನ್ನು ಅಪ್ಪಾಜಿ ಪ್ರಜಾಪ್ರಭುತ್ವಕ್ಕೆ ಅಳವಡಿಸಿದರು. ಭಾನುವಾರದ ಸಭೆಯಲ್ಲಿ ಚರ್ಚೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಹೋಗಿ ಅವರ ಎದುರು ಕೂತು ಟವೆಲ್ಲಿನ ಕೆಳಗೆ ಕೈ ಕೊಡಬೇಕು. ತೋರುಬೆರಳು ಒತ್ತಿದರೆ ‘ಆಗಲಿ’, ಮುಷ್ಟಿ ಹಿಡಿದರೆ ‘ಬೇಡ’. ಹೆಂಗಸರಿಗೂ ಮತವಿತ್ತು. ಈ ವಿಷಯದಲ್ಲಿ ಸ್ವಿಟ್ಜರ್ಲೆಂಡ್ ಇನ್ನೂ ನಮ್ಮ ಮನೆಯಷ್ಟು ಮುಂದುವರಿದಿಲ್ಲ ಎಂದು ಅಪ್ಪಾಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಮತ ಸ್ವೀಕರಿಸುವವರು ಅಪ್ಪಾಜಿ, ಎಣಿಸುವವರು ಅಪ್ಪಾಜಿ, ಘೋಷಿಸುವವರೂ ಅಪ್ಪಾಜಿ. ಘೋಷಣೆಯಾದ ಮೇಲೆ ತಾನೇನು ಒತ್ತಿದೆನೆಂದು ಯಾರೂ ಬಾಯಿ ಬಿಡುವಂತಿಲ್ಲ. ಇದರಲ್ಲಿ ಏನು ಎಡವಟ್ಟಿದೆಯೆಂದು ನಮಗೆ ಬಹಳ ಕಾಲ ಹೊಳೆಯಲೇ ಇಲ್ಲ. ಅಡಿಕೆಯ ವ್ಯಾಪಾರದಲ್ಲಿ ಎರಡು ಕೈ ಇರುತ್ತವೆ. ಒಂದು ಸುಳ್ಳು ಹೇಳಿದರೆ ಇನ್ನೊಂದಕ್ಕೆ ಗೊತ್ತಾಗುತ್ತದೆ. ನಮ್ಮ ಸಭೆಯಲ್ಲಿ ಎಲ್ಲರ ಕೈಯೂ ಒಬ್ಬರ ಕೈಯಲ್ಲೇ ಇತ್ತು.

ಸಭೆಯ ಸದಸ್ಯರನ್ನು ಪರಿಚಯಿಸಿಬಿಡುತ್ತೇನೆ. ಅಮ್ಮ ಗೌರಮ್ಮ, ಚರ್ಚೆಯ ನಡುವೆ ಎದ್ದು ಹೋಗಿ ಸಾರು ನೋಡಿ ಬರುವ ವಿಶೇಷ ಹಕ್ಕು ಅವಳಿಗಿತ್ತು. ಅಜ್ಜಿ, ಅಂದರೆ ಅಪ್ಪಾಜಿಯ ತಾಯಿ. ನಾನು, ಗಿರಿಜೆ, ಆಗ ಹೈಸ್ಕೂಲು. ಅಮ್ಮನ ತಮ್ಮ ಸೋಮಮಾವ, ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರು. ಭಾನುವಾರದ ರೈಲಿಗೆ ಬಂದು ಅಪ್ಪಾಜಿಯನ್ನು ವಿರೋಧಿಸಿ, ಊಟ ಮಾಡಿ, ಕೊನೆಯ ರೈಲಿಗೆ ಹೋಗುತ್ತಿದ್ದ. ಮುಷ್ಕರವೊಂದರಲ್ಲಿ ಒಂದೆರಡು ದಿನ ಲಾಕಪ್ಪಿನಲ್ಲಿದ್ದು ಬಂದಿದ್ದರಿಂದ ಅವನು ನಮ್ಮ ವಿರೋಧ ಪಕ್ಷ. ಮತ್ತೆ ನನ್ನ ಅಣ್ಣ ಚನ್ನ. ಅಣ್ಣನ ಪಾದಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಲೇಜಿನಲ್ಲಿ ಪರೇಡು ಮಾಡಿ ಮಾಡಿ ಅವನಿಗೆ ಮಿಲಿಟರಿ ಅಧಿಕಾರಿಯಾಗುವ ಹುಚ್ಚು ಹಿಡಿದಿತ್ತು. ಅರ್ಜಿ ಹಾಕಿದ, ಕರೆಯೂ ಬಂತು. ಅಜ್ಜಿ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಅಪ್ಪಾಜಿ ತಮ್ಮ ಡಾಕ್ಟರ್ ಸ್ನೇಹಿತರ ಬಳಿಗೆ ಹೋಗಿ, ಅಣ್ಣನದು ಮಿಲಿಟರಿಗೆ ನಡೆಯದ ಚಪ್ಪಟೆ ಪಾದ ಎಂಬ ಸತ್ಯವನ್ನು ಕಂಡುಹಿಡಿದುಕೊಂಡು ಬಂದರು. ಅಣ್ಣ ಹೋಗಲಿಲ್ಲ. ಆ ಚಪ್ಪಟೆ ಪಾದಗಳಲ್ಲೇ ಅವನು ಮುಂದೆಯೂ ಪ್ರತಿ ಸಂಜೆ ತುಂಗೆಯ ದಂಡೆಯಲ್ಲಿ ವಾಲಿಬಾಲ್ ಆಡುತ್ತಿದ್ದ, ತುಂಬ ಚೆನ್ನಾಗಿ ಹಾರುತ್ತಿದ್ದ.

ಜುಲೇಖಮ್ಮನ ಗಂಡ ಲಾರಿ ಡ್ರೈವರ್. ನಮ್ಮ ಮಂಡಿಯ ಅಡಿಕೆ ಹೊರುತ್ತಿದ್ದವನು ಕಾಮಾಲೆಯಲ್ಲಿ ಹೋಗಿಬಿಟ್ಟ. ಆಮೇಲೆ ಅವಳು ಮಂಡಿಯ ಗೋಣಿಚೀಲ ಹೊಲಿದು ಒಬ್ಬನೇ ಮಗ ಗೌಸ್‌ನನ್ನು ಬೆಳೆಸಿದಳು. ಗೌಸ್ ಅಪ್ಪನಂತೆಯೇ ಸ್ಟೀರಿಂಗ್ ಹಿಡಿದ. ಆದರೆ ಮಿಲಿಟರಿ ಲಾರಿಯದು. ಅವನ ಪಾದಗಳನ್ನು ಯಾರೂ ಪರೀಕ್ಷಿಸಲಿಲ್ಲ. ಆ ವರ್ಷ ರೇಡಿಯೋದಲ್ಲಿ ಕಾಂಗೋ ಕಾಂಗೋ ಎಂದು ಶುರುವಾಯಿತು. ಆಗತಾನೆ ಸ್ವತಂತ್ರವಾದ ದೇಶವಂತೆ, ಬಿಟ್ಟುಹೋದ ಬಿಳಿಯರು ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಗೆ ಬಂದಿದ್ದಾರಂತೆ, ಅಲ್ಲಿನ ಪ್ರಧಾನಿಯನ್ನೇ ಕೊಂದುಬಿಟ್ಟರಂತೆ, ವಿಶ್ವಸಂಸ್ಥೆ ನಮ್ಮ ಸೈನ್ಯವನ್ನು ಕೇಳಿದೆಯಂತೆ. ಅಪ್ಪಾಜಿ ವಾಚನಾಲಯದಲ್ಲಿ ಒಂದು ಭಾಷಣ ಮಾಡಿದರು. “ಇಂಥ ಹೊತ್ತಿನಲ್ಲಿ ಯಾವ ತಾಯಿಯೂ ಮಗನ ಕೈ ಹಿಡಿದು ಎಳೆಯಬಾರದು” ಎಂಬ ಅವರ ಮಾತು ಊರಿನ ಪತ್ರಿಕೆಯಲ್ಲಿ ಬಂತು. ಅದನ್ನು ಅವರು ಕತ್ತರಿಸಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದರು. ತಲೆ ಬಾಚುವಾಗ ಓದಲು ಅನುಕೂಲವಾಗಲೆಂದು.

ಆ ವಾರದ ಭಾನುವಾರ ಸಂಜೆ ಜುಲೇಖಮ್ಮ ಹಿತ್ತಿಲಿಂದ ಬರದೆ, ಬೀದಿ ಸುತ್ತಿಕೊಂಡು ಮುಂದಿನ ಜಗಲಿಗೆ ಬಂದಳು. ಮುಂಬಾಗಿಲಿಂದ ಬಂದಳೆಂದರೆ ಅದು ಮೆಂಬರರ ಹತ್ತಿರದ ಕೆಲಸ ಎಂದು ಅರ್ಥ. ಕೈಯಲ್ಲೊಂದು ಕಾಗದವಿತ್ತು.

“ಯಜಮಾನ್ರೆ, ಗೌಸ್‌ನ ಕಂಪನೀನ ಆ ಕಾಂಗೋಗೆ ಹಾಕಿದಾರಂತೆ. ಒಬ್ಬನೇ ಮಗ, ತಂದೆ ಇಲ್ಲ ಅಂತ ಅರ್ಜಿ ಕೊಟ್ರೆ ಇಲ್ಲೇ ಉಳಿಸ್ಕೊಂತಾರಂತೆ. ಮುನ್ಷಿ ಸಾಬರು ಬರೆದು ಕೊಟ್ರು. ಅವನಿಗೆ ಹೇಳಿಲ್ಲ, ಗೊತ್ತಾದ್ರೆ ಹಾರಾಡ್ತಾನೆ. ಊರಿನ ದೊಡ್ಡೋರು ಒಬ್ರು ಹೌದು ಅಂತ ದಸ್ಕತ್ ಹಾಕ್ಬೇಕಂತೆ. ನಿಮ್ದು ಒಂದು ಬಿದ್ರೆ ಸಾಕು.”

ಅಪ್ಪಾಜಿ ಅರ್ಜಿಯನ್ನು ಓದಿದರು. ಮಡಚಿ ಅವಳ ಕೈಗೇ ಕೊಟ್ಟರು. ಅವರ ಕಣ್ಣು ಒಮ್ಮೆ ಕನ್ನಡಿಯ ಕಡೆಗೆ ಹೋಗಿ ಬಂದದ್ದನ್ನು ನಾನು ನೋಡಿದೆ.

“ಜುಲೇಖಮ್ಮ, ಇದು ಒಬ್ಬ ಹುಡುಗನ ಪ್ರಶ್ನೆ ಅಲ್ಲ, ತತ್ವದ ಪ್ರಶ್ನೆ. ಇವತ್ತು ಹೆಂಗೂ ಸಭೆ ಇದೆ. ದೇಶ ಸೈನ್ಯ ಕಳಿಸಬೇಕೋ ಬೇಡವೋ, ಸಭೆ ಹೇಳ್ಲಿ. ಬೇಡ ಅಂದ್ರೆ ಈ ಕ್ಷಣ ಸಹಿ ಹಾಕ್ತೀನಿ. ಕಳಿಸಬೇಕು ಅಂತ ಆದ್ರೆ ನಾನು ಯಾವ ಮುಖ ಹೊತ್ಕೊಂಡು ಹಾಕ್ಲಿ, ನೀನೇ ಹೇಳು.”

“ನಂಗೆ ತತ್ವ ಎಲ್ಲಿ ಗೊತ್ತಾಗುತ್ತೆ ಯಜಮಾನ್ರೆ. ಇಲ್ಲೇ ಕೂತಿರ್ತೀನಿ.”

ಅವಳು ಜಗಲಿಯ ಅಂಚಿನಲ್ಲಿ ಕೂತಳು. ಒಳಗೆ ಕಾಂಗೋ ಪ್ರಶ್ನೆಯನ್ನು ಎತ್ತಿಕೊಳ್ಳಲಾಯಿತು. ಸೋಮಮಾವ ಎದ್ದು ನಿಂತ. ವಿರೋಧ ಪಕ್ಷ ಕೂತು ಮಾತಾಡುತ್ತಿರಲಿಲ್ಲ.

“ಭಾವ, ಕಾಂಗೋದಲ್ಲಿ ತಾಮ್ರ ಐತೆ. ತಾಮ್ರ ಇರೋ ಊರಿಗೆ ಶಾಂತಿ ತರ್ತೀನಿ ಅಂತ ಹೋದೋರು ಯಾರೂ ಬರಿಗೈಲಿ ವಾಪಸ್ ಬಂದಿಲ್ಲ. ಬಿಳಿಯರ ಜಗಳಕ್ಕೆ ನಮ್ಮ ಹುಡುಗ್ರು ಬಸ್ರಾಕ್ಕೂ ಹೋಗಿ ಸತ್ರು, ಬರ್ಮಾಕ್ಕೂ ಹೋಗಿ ಸತ್ರು. ಇನ್ನೂ ಸಾಲ್ದಾ? ಅತ್ಲಾಗೆ ಹಿಮಾಲಯದಲ್ಲಿ ಚೀನಾದವನು ಬೇಲಿ ಕಿತ್ತು ಬೇರೆ ಕಡೆ ನೆಡ್ತಾವ್ನೆ. ನಮ್ಮ ಮನೆ ಮಾಡು ಸೋರ್ತಾ ಇರ್ಬೇಕಾದ್ರೆ ಯಾರ ಮನೆ ಹೆಂಚು ಕೈ ಆಡಿಸೋಕೆ ಹೋಗೋಣ?”

“ಅಲ್ಲಯ್ಯ ಸೋಮಣ್ಣ, ಬಸ್ರಾಕ್ಕೆ ಹೋದಾಗ ನಮ್ಮನ್ನ ಕೇಳಿದ್ರಾ? ಇಲ್ಲ. ಹಗ್ಗ ಕಟ್ಟಿ ಎಳ್ಕೊಂಡು ಹೋದ್ರು. ಈಗ ಕೇಳ್ತಿದಾರೆ. ನಿನ್ನೆ ಮೊನ್ನೆ ನಮ್ಮ ಕೊರಳಿಂದ ಬಿದ್ದ ನೊಗ ಅವರ ಕೊರಳಿಗೆ ಮತ್ತೆ ಬೀಳ್ತಿರೋವಾಗ, ನಮಗೆ ಚೀನಾದ ಭಯ ಇದೆ, ಬರಲ್ಲ ಅಂತ ಹೇಳೋದಾ? ನಾಳೆ ನಮ್ಮ ಬೇಲಿ ಕಿತ್ತಾಗ ಯಾರ್ ಬರ್ತಾರೆ ಮಾರಾಯ?”

“ಅದೆಲ್ಲಿ ಬರುತ್ತೋ ಕಾಂಗೋ?” ಎಂದಳು ಅಜ್ಜಿ. “ನಮ್ಮ ಪಕ್ಕದ ಸೋಗಾನೆಗಿಂತ ದೂರಾನಾ?”

“ಹಡಗಲ್ಲಿ ಹೋಗ್ಬೇಕಮ್ಮ” ಎಂದರು ಅಪ್ಪಾಜಿ.

“ಹಡಗಲ್ಲಿ ಹೋಗಿ ಹೊಡೆದಾಡೋವಂಥ ಜಗಳ ಏನಪ್ಪ ಅದು. ಅಷ್ಟೊತ್ತಿಗೆ ಸಿಟ್ಟು ಇಳಿದಿರಲ್ವಾ?”

ಎಲ್ಲರೂ ನಕ್ಕರು. ಜಗಲಿಯಲ್ಲಿದ್ದ ಜುಲೇಖಮ್ಮನೂ ಮರ್ಯಾದೆಗೆಂದು ಸಣ್ಣಗೆ ನಕ್ಕಳು. ಆಗ ಅಣ್ಣ ಎದ್ದು, ದೇಶ, ಧೈರ್ಯ, ಯುವಜನ ಮುಂತಾಗಿ ಅಬ್ಬರಿಸಿ, “ನಾನಾಗಿದ್ರೆ ಇವತ್ತೇ ರೈಲು ಹತ್ತುತಿದ್ದೆ!” ಎಂದು ಮುಗಿಸಿದ. ಅಮ್ಮ ಸಾರು ನೋಡಲು ಎದ್ದುಹೋದಳು. ಅಣ್ಣನ ಕಿವಿ ಕೆಂಪಾಯಿತು. ಅವನು ತನ್ನ ಪಾದಗಳನ್ನು ಪಂಚೆಯೊಳಗೆ ಎಳೆದುಕೊಂಡು ಕೂತ. ನಾನು ಈಗಲೂ ಹೇಳುತ್ತೇನೆ, ಅಂದಿನ ವಾದದಲ್ಲಿ ಅಪ್ಪಾಜಿಯದೇ ಮೇಲುಗೈ. ಇಷ್ಟು ವಯಸ್ಸಾದ ಮೇಲೂ, ಇಷ್ಟು ಓದಿದ ಮೇಲೂ, ಅವರ ಮಾತೇ ಸರಿಯೆಂದು ನನ್ನ ಬುದ್ಧಿ ಹೇಳುತ್ತದೆ. ನನ್ನ ನಾಚಿಕೆ ಆ ವಾದದ್ದಲ್ಲ. ವಾದ ಸೋತಿದ್ದರೆ ಎಷ್ಟೋ ಚೆನ್ನಾಗಿತ್ತು.

ಟವೆಲ್ ಹಾಸಿದರು. ನಾವು ಸಾಲಾಗಿ ಏಳುವ ಹೊತ್ತಿಗೆ ಬಾಗಿಲಲ್ಲಿ ಜುಲೇಖಮ್ಮ ನಿಂತಿದ್ದಳು.

“ಯಜಮಾನ್ರೆ, ನಂದೂ ಒಂದು ಕೈ ಹಾಕ್ಲಾ?”

“ಇದು ಮನೆಯವರ ಸಭೆ ಜುಲೇಖಮ್ಮ” ಎಂದರು ಅಪ್ಪಾಜಿ, ಮೆತ್ತಗೆ. ಅವರು ಒರಟು ಮನುಷ್ಯರಲ್ಲ. ಒರಟರಾಗಿದ್ದರೆ ನಮಗೆ ಸುಲಭವಾಗುತ್ತಿತ್ತು. ಅವಳು “ಹೌದಲ್ಲ” ಎಂದು ಮತ್ತೆ ಹೋಗಿ ಕೂತಳು. ನಾವು ಒಬ್ಬೊಬ್ಬರಾಗಿ ಕೈಯಿಟ್ಟೆವು. ಅಪ್ಪಾಜಿಯ ಅಂಗೈ ಬೆವೆತಿತ್ತು, ಅದು ನೆನಪಿದೆ. ಕೊನೆಯವನು ಎದ್ದ ಮೇಲೆ ಅವರು ಟವೆಲ್ಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡು, ಜಗಲಿಗೂ ಕೇಳುವ ಹಾಗೆ ಘೋಷಿಸಿದರು:

“ಕಳಿಸಬೇಕು ಅಂತ ಬಹುಮತದ ತೀರ್ಮಾನ.”

ಸೋಮಮಾವ ಅಮ್ಮನ ಮುಖ ನೋಡಿದ. ಅಮ್ಮ ಅಡುಗೆಮನೆಗೆ ನಡೆದಳು. ನಾನೂ ಅಜ್ಜಿಯೂ ಹಿಂದೆಯೇ ಹೋದೆವು. ಅಮ್ಮ ಕೊಡದಿಂದ ನೀರು ಬಗ್ಗಿಸಿಕೊಳ್ಳುತ್ತ, ನಮ್ಮ ಕಡೆ ತಿರುಗದೆ, ಮಂಡಿಯ ಧರ್ಮವನ್ನು ಮುರಿದಳು.

“ನಾನು ಮುಷ್ಟಿ ಹಿಡಿದೆ.”

“ನಾನೂ” ಎಂದಳು ಅಜ್ಜಿ.

“ನಾನೂ” ಎಂದೆ ನಾನು.

“ನಂದಂತೂ ಗೊತ್ತೇ ಐತಲ್ಲ” ಎಂದ ಸೋಮಮಾವ, ಬಾಗಿಲಿಗೆ ಬಂದು ನಿಂತು.

ಅಷ್ಟರಲ್ಲಿ ನೀರು ಕುಡಿಯುವ ನೆವದಲ್ಲಿ ಅಣ್ಣ ಬಂದ. ನಮ್ಮ ಮುಖಗಳನ್ನು ನೋಡಿದ. ಲೋಟ ಕೆಳಗಿಟ್ಟು, ನೆಲಕ್ಕೆ ಹೇಳುವವನಂತೆ, “ನಂದೂ ಮುಷ್ಟಿನೇ” ಎಂದ. ಅಬ್ಬರಿಸಿದ ಬಾಯಿ ಅವನದೇ. ಕೈ ಮಾತ್ರ ಬೇರೆ ಯಾರದೋ ಇದ್ದಂತಿತ್ತು. ಹೀಗೆ ಕಾಂಗೋಕ್ಕೆ ಸೈನ್ಯ ಕಳಿಸಬೇಕೆಂಬ ಬಹುಮತ ನಮ್ಮ ಮನೆಯಲ್ಲಿ ಒಬ್ಬರೇ ಒಬ್ಬರಿಂದ ಕೂಡಿತ್ತೆಂದು ಗೊತ್ತಾಯಿತು.

“ರೀ, ಸ್ವಲ್ಪ ಒಳಗ್ ಬನ್ನಿ” ಎಂದು ಅಮ್ಮ ಕೂಗಿದಳು. ಅಪ್ಪಾಜಿ ಬಂದರು. ನಾವೆಲ್ಲ ಒಟ್ಟಿಗೆ ನಿಂತಿದ್ದ ರೀತಿಯಲ್ಲೇ ಅವರಿಗೆ ವಿಷಯ ತಿಳಿಯಿತು.

“ಟವೆಲ್ ಒಳಗಿನ ಮಾತು ಹೊರಗೆ ಆಡಬಾರದು” ಎಂದರು.

“ಅದು ಅಡಿಕೆಗೆ ಕಣ್ರೀ.”

“ಪೇಪರಿನಲ್ಲಿ ಬಂದಿದೆ ಗೌರಿ. ಭಾಷಣ ಮಾಡಿದ ಬಾಯಿ ಒಂದು, ಸಹಿ ಹಾಕಿದ ಕೈ ಇನ್ನೊಂದು ಅಂತ ನಾಳೆ ಬಜಾರಲ್ಲಿ ಆಡ್ಕೊಂಡು ನಗ್ತಾರೆ.”

“ನಗ್ಲಿ ಬಿಡಿ. ಚನ್ನನ ಕಾಲಿಗೆ ಯಾರಾದ್ರೂ ನಕ್ರಾ?”

ಅಪ್ಪಾಜಿ ಹೆಗಲ ಟವೆಲ್ಲನ್ನು ತೆಗೆದು ನಾಲ್ಕಾಗಿ ಮಡಚಿದರು. ಆಮೇಲೆ, “ಆಯ್ತು, ಕರಿ ಅವಳನ್ನ” ಎಂದರು. ನಾನು ಜಗಲಿಗೆ ಓಡಿದೆ. ಜಗಲಿ ಖಾಲಿಯಾಗಿತ್ತು. ಹಿತ್ತಿಲ ಕೋಣೆಯ ಬಾಗಿಲು ಹಾಕಿತ್ತು. “ಬೆಳಗ್ಗೆ ನೋಡೋಣ” ಎಂದು ಯಾರೋ ಅಂದರು. ಯಾರು ಅಂದರೆಂದು ಈಗ ನೆನಪಿಲ್ಲ. ಎಲ್ಲರೂ ಸೇರಿಯೇ ಅಂದಿರಬೇಕು. ಬಾವಿಯಾಚೆ ಹೋಗಿ ಒಂದು ಬಾಗಿಲು ತಟ್ಟುವುದು ನಮ್ಮಲ್ಲಿ ಯಾರಿಂದಲೂ ಆಗದ ಕೆಲಸವಾಗಿರಲಿಲ್ಲ. ಆದರೆ ಊಟಕ್ಕೆ ಕೂತಾಗ ನಮಗೆಲ್ಲ ಒಂದು ಬಗೆಯಲ್ಲಿ ಹಗುರವಾಗಿತ್ತು. ಸಾರು ಚೆನ್ನಾಗಿದೆ ಎಂದು ಕೂಡ ಯಾರೋ ಹೇಳಿದರು. ಬೆಳಗ್ಗೆ ಅಮ್ಮ ಹೋಗಿ ಅರ್ಜಿ ಕೇಳಿದಾಗ ಜುಲೇಖಮ್ಮ ಬಚ್ಚಲೊಲೆಯ ಮುಂದೆ ಕೂತಿದ್ದಳು.

“ಒಲೆಗೆ ಹಾಕ್ದೆ ಅಮ್ಮಾವ್ರೆ. ಮನೆ ಮಾಲೀಕರೇ ಹಾಕಿಲ್ಲ ಅಂದ್ಮೇಲೆ ಇನ್ಯಾರ್ ಹಾಕ್ತಾರೆ? ಇವತ್ತೇ ಕೊಡ್ಬೇಕಿತ್ತು, ಇನ್ನೊಂದು ಬರೆಸೋಕೆ ಹೊತ್ತೂ ಇಲ್ಲ. ಬಿಡಿ, ಅಲ್ಲಾ ನೋಡ್ಕೊಂತಾನೆ.”

ಮುಂದಿನ ಭಾನುವಾರ ಸಭೆ ಸೇರಲಿಲ್ಲ. ಅಪ್ಪಾಜಿ ಟವೆಲ್ ತೆಗೆದದ್ದೇನೋ ನಿಜ. ಮನೆಗೆ ಸುಣ್ಣ ಹೊಡೆಸುವ ವಿಷಯವಿತ್ತು. ಅಮ್ಮ “ನಂಗೆ ಪಾತ್ರೆ ಇದೆ” ಎಂದಳು, ಅಜ್ಜಿಗೆ ಸೊಂಟ ಹಿಡಿದಿತ್ತು, ನನಗೆ ಪರೀಕ್ಷೆ. ಸೋಮಮಾವ ಬರಲೇ ಇಲ್ಲ. ಒಂದು ಮನೆಯಲ್ಲಿ ಪಾರ್ಲಿಮೆಂಟು ವಿಸರ್ಜನೆಯಾದರೆ ಎಷ್ಟು ಕಡಿಮೆ ಸದ್ದಾಗುತ್ತದೆಂದು ಆಗ ತಿಳಿಯಿತು. ಮಾವನನ್ನು ಒಲಿಸಿ ಕರೆತರಲು ನನ್ನನ್ನು ಭದ್ರಾವತಿಗೆ ಕಳಿಸಿದರು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅವನದು ಒಂದೇ ಕೋಣೆ. ಗೋಡೆಯ ಆಚೆ ತಮಿಳು, ಈಚೆ ತೆಲುಗು, ಎಲ್ಲದರ ಮೇಲೂ ಕಬ್ಬಿಣದ ಧೂಳು. ಪಕ್ಕದ ಮನೆಯ ಹೆಂಗಸು “ವಾಮ್ಮಾ, ಉಕ್ಕಾರು” ಎಂದು ಕೂರಿಸಿ ನನಗೆ ಮುರುಕು ಕೊಟ್ಟಳು. ಮಾವ ಮುಖ ಕೊಟ್ಟು ಮಾತಾಡಲಿಲ್ಲ.

“ನಾನೇನು ದೊಡ್ಡ ಮನುಷ್ಯ ಅಲ್ಲ ಗಿರಿ. ಗೇಟಿನ ಮುಂದೆ ನಿಂತ್ಕೊಂಡು ಮ್ಯಾನೇಜರಿಗೆ ಸುಳ್ಳ ಅಂತ ಕೂಗಿದೋನು, ಅವತ್ತು ಜಗಲಿಗೆ ಹೋಗಿ ಒಂದ್ ಮಾತು ಹೇಳ್ಲಿಲ್ಲ. ಯಾಕೆ? ಅಕ್ಕನ ಗಂಡ. ಅಷ್ಟೇ ಕಣೆ ನನ್ನ ಕ್ರಾಂತಿ.”

ಆದರೂ ಅವನೊಂದು ಕೆಲಸ ಮಾಡಿದ್ದ. ಗೌಸ್‌ನ ಸೈನ್ಯದ ರೈಲು ಬೀರೂರಿನ ಮೇಲೆ ಬೊಂಬಾಯಿಗೆ ಹೋಗುತ್ತದೆಂದು ತಿಳಿದು, ರಜೆ ಹಾಕಿ, ಜುಲೇಖಮ್ಮನನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಿದ್ದ. ಕಿಟಕಿಯ ಸರಳಿನ ಸಂದಿಯಿಂದ ಅವಳು ಮಗನ ಮುಖ ಸವರಿದಳಂತೆ, ಅಳಲಿಲ್ಲವಂತೆ. ಏನು ಹೇಳಿದಳೋ ಗದ್ದಲದಲ್ಲಿ ತನಗೆ ಕೇಳಿಸಲಿಲ್ಲ ಎಂದ.

ಆ ನಂತರದ ದಿನಗಳಲ್ಲಿ ನಮ್ಮ ಮನೆಯಲ್ಲಿ ನಡೆದದ್ದಿಷ್ಟೇ. ರೇಡಿಯೋದಲ್ಲಿ ಕಾಂಗೋ ಎಂಬ ಶಬ್ದ ಬಂದ ಕೂಡಲೇ ಅಪ್ಪಾಜಿ ಏನೋ ನೆನಪಾದವರಂತೆ ಎದ್ದು ಅದನ್ನು ಆರಿಸುತ್ತಿದ್ದರು. ಕನ್ನಡಿಯ ಚೌಕಟ್ಟಿನ ಪತ್ರಿಕೆಯ ತುಣುಕು ಒಂದು ದಿನ ಕಾಣಲಿಲ್ಲ. ಅಮ್ಮ ಹಬ್ಬವಿರಲಿ ಇಲ್ಲದಿರಲಿ ಹಿತ್ತಿಲ ಕೋಣೆಗೆ ಪಲ್ಯ, ಹುಗ್ಗಿ, ಹೋಳಿಗೆ ಕಳಿಸತೊಡಗಿದಳು. ಜುಲೇಖಮ್ಮ ಯಾವ ಪಾತ್ರೆಯನ್ನೂ ಬರಿದಾಗಿ ಹಿಂತಿರುಗಿಸಲಿಲ್ಲ. ನಾಲ್ಕು ನುಗ್ಗೆಕಾಯಿ, ಒಂದು ಹಿಡಿ ಸಕ್ಕರೆ, ಏನಾದರೊಂದು ಹಾಕಿಯೇ ಕೊಡುತ್ತಿದ್ದಳು. ನಾವು ತೀರಿಸಲು ಹೋದ ಋಣವನ್ನು ಅವಳು ತೀರಲು ಬಿಡುತ್ತಿರಲಿಲ್ಲ. ಬೆಳಗ್ಗೆ ಅಪ್ಪಾಜಿ ಬಾವಿಕಟ್ಟೆಗೆ ಬಂದರೆ, “ಸಲಾಂ ಯಜಮಾನ್ರೆ.” ಹಿಂದಿನ ಹಾಗೆಯೇ, ಅದೇ ದನಿ, ಅದೇ ಬಾಗಿದ ತಲೆ. ಅದರಲ್ಲಿ ಒಂದು ಚೂರು ಕಹಿಯಿದ್ದರೂ ಅಪ್ಪಾಜಿ ಅದನ್ನು ಹಿಡಿದುಕೊಂಡು ಜಗಳವಾಡಿ, ಸಿಟ್ಟಾಗಿ, ನಿದ್ದೆ ಮಾಡುತ್ತಿದ್ದರು. ಏನೂ ಇರಲಿಲ್ಲ. ಅವರು ನಸುಕಿನಲ್ಲೇ ಎದ್ದು ತುಂಗೆಗೆ ಸ್ನಾನಕ್ಕೆ ಹೋಗುವ ಅಭ್ಯಾಸ ಮಾಡಿಕೊಂಡರು. ಊರವರು ಮೆಂಬರರಿಗೆ ಭಕ್ತಿ ಹೆಚ್ಚಾಯಿತೆಂದುಕೊಂಡರು.

ಗೌಸ್ ಬದುಕಿಯೇ ಬಂದ. ವಿಶ್ವಸಂಸ್ಥೆಯ ನೀಲಿ ಟೋಪಿ, ಇಸ್ತ್ರಿಯ ಅಂಗಿ, ಮೊದಲಿಗಿಂತ ಅಗಲವಾದ ಭುಜ. ಬಂದ ದಿನವೇ, ಸಂಜೆ ಬಿಸಿಲಿರುವಾಗಲೇ, ತಾಯಿಯನ್ನು ಕರೆದುಕೊಂಡು ಬೀದಿ ಸುತ್ತಿ ಮುಂದಿನ ಜಗಲಿಗೆ ಬಂದು, ಅಪ್ಪಾಜಿಯ ಕಾಲು ಮುಟ್ಟಿದ. ಅಪ್ಪಾಜಿ ಬೆತ್ತದ ಕುರ್ಚಿಯಲ್ಲಿದ್ದರು. ಅವನು ಬಲಗಡೆಗೆ ಸರಿದು ಕೂತ. ಲಾರಿಯ ಪಕ್ಕದಲ್ಲೇ ಗುಂಡು ಸಿಡಿದು ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ ಎಂದು ನಗುತ್ತಲೇ ಹೇಳಿದ. ಕಿವುಡರ ಜೋರು ದನಿಯಲ್ಲಿ, ಇಡೀ ಓಣಿಗೆ ಕೇಳುವಂತೆ.

“ಯಜಮಾನ್ರೆ, ಬೀರೂರು ಸ್ಟೇಷನ್ನಲ್ಲಿ ಅಮ್ಮಿ ಎಲ್ಲಾ ಹೇಳಿದ್ಲು. ನೀವು ಮನೇಲಿ ಸಭೆ ಮಾಡಿ, ಎಲ್ಲರೂ ಕೈ ಇಟ್ಟು, ನಮ್ಮ ಗೌಸ್ ಹೋಗ್ಲಿ, ಗೆದ್ದು ಬರ್ಲಿ ಅಂತ ಹೇಳಿದ್ರಂತೆ. ನಂಗೆ ಯಾರಿದಾರೆ ಹಿಂದೆ ಮುಂದೆ? ಅಲ್ಲಿ ಭಯ ಆದಾಗೆಲ್ಲ ಅದನ್ನೇ ನೆನೆಸ್ಕೊಂತಿದ್ದೆ. ಒಂದು ಮನೆ ಜನ ಅಷ್ಟೂ ನನ್ನ ಹಿಂದೆ ಇದಾರೆ ಅಂತ.”

ಅಮ್ಮ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡಳು. ಜುಲೇಖಮ್ಮ ಕಂಬಕ್ಕೆ ಒರಗಿ ಬೀದಿಯ ಕಡೆ ನೋಡುತ್ತಿದ್ದಳು. ಅಪ್ಪಾಜಿ ಬಹಳ ಹೊತ್ತು ಅವನ ಟೋಪಿಯನ್ನು ನೋಡಿದರು. ಆಮೇಲೆ ಮುಂದಕ್ಕೆ ಬಾಗಿ, ನಾನು ಎಂದೂ ಕೇಳಿರದ ಒಂದು ಸಣ್ಣ ದನಿಯಲ್ಲಿ ಹೇಳಿದರು:

“ನಿನ್ನ ತಾಯಿ ನಿನ್ನ ಉಳಿಸಿಕೊಡಿ ಅಂತ ಬಂದಿದ್ಲು ಗೌಸ್. ನಾನು ಸಹಿ ಹಾಕ್ಲಿಲ್ಲ.”

“ಆಂ?” ಗೌಸ್ ಕಿವಿಯ ಹಿಂದೆ ಅಂಗೈ ಹಿಡಿದು ಹತ್ತಿರ ಬಂದ. “ಸ್ವಲ್ಪ ಜೋರಾಗಿ ಹೇಳಿ ಯಜಮಾನ್ರೆ, ಕೇಳ್ಸಲ್ಲ.”

ಎದುರಿನ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದರು. ಬೀದಿಯಲ್ಲಿ ಹೋಗುತ್ತಿದ್ದ ಮಂಡಿಯ ಹಮಾಲರು ನೀಲಿ ಟೋಪಿ ಕಂಡು ನಿಂತಿದ್ದರು. ಅಪ್ಪಾಜಿಯ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

“ಕಾಫಿ ಕುಡೀತೀಯಾ ಅಂದೆ!” ಎಂದು ಕೂಗಿದರು.

ಗೌಸ್ ಉತ್ತರಿಸುವ ಮೊದಲೇ ಜುಲೇಖಮ್ಮ ಕಂಬದಿಂದ ತಿರುಗಿದಳು. ಅವಳ ಕಿವಿಗಳು ಚೆನ್ನಾಗಿಯೇ ಇದ್ದವು.

“ಕುಡೀತಾನೆ ಯಜಮಾನ್ರೆ” ಎಂದಳು. “ಕುಡೀತಾನೆ.”